ಕಂಪ್ಲಿ ಗ್ರೌಂಡಿಗೆ ನೀರು ಬಿಟ್ಟವಳು ನಾನು

ಗೆದ್ದರು! ನಮ್ಮ ಟಿ.ಬಿ. ಡ್ಯಾಂ ಹುಡುಗಿಯರು ಫುಟ್‌ಬಾಲ್ ಕಪ್ಪು ಗೆದ್ದರು — ಅದೂ ಕಂಪ್ಲಿಗೆ ಹೋಗಿ, ಕಂಪ್ಲಿಯ ಗ್ರೌಂಡಿನಲ್ಲಿ, ಊರಿಗೆ ಊರೇ ಎದುರು ನಿಂತು ಕೂಗುತ್ತಿದ್ದಾಗ. ನಮ್ಮದು ಒಂದು ಗೋಲು, ಅವರದು ಸೊನ್ನೆ. ನನ್ನ ಮೊಮ್ಮಗಳು ತುಂಗಾ ಆ ಟೀಮಿನಲ್ಲಿದ್ದಾಳೆ. ಕೂಗಿ ಕೂಗಿ ನನ್ನ ದನಿ ಬಿದ್ದುಹೋಗಿದೆ, ಅಂಗೈ ಇನ್ನೂ ಉರಿಯುತ್ತಿದೆ, ಸೀರೆಯ ತುಂಬ ಗುಲಾಲು. ಅರವತ್ತಾರು ವರ್ಷದ ಹೆಂಗಸು ಹಾಗೆ ಕುಣಿಯಬಹುದೇ ಎಂದು ಯಾರಾದರೂ ಕೇಳಿದರೆ — ಕುಣಿದೆ, ಇಲ್ಲವೆನ್ನುವುದಿಲ್ಲ.

ಇದರ ಬೆನ್ನಿಗೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ತಡ ಮಾಡಿದರೆ ಮತ್ತೆ ನುಂಗಿಬಿಡುತ್ತೇನೆ, ನನಗೆ ನನ್ನ ಗುಣ ಗೊತ್ತು. ಇಪ್ಪತ್ತಾರು ವರ್ಷದ ಹಿಂದೆಯೂ ಡ್ಯಾಂ ಒಂದು ಸಲ ಕಂಪ್ಲಿಯನ್ನು ಸೋಲಿಸಿ ಕಪ್ಪು ತಂದಿತ್ತು. ಆ ಫೈನಲ್ ಕಂಪ್ಲಿಯಲ್ಲೇ ಆಗಬೇಕಿತ್ತು. ಹಿಂದಿನ ರಾತ್ರಿ ಗ್ರೌಂಡಿಗೆ ಕಾಲುವೆಯ ನೀರು ನುಗ್ಗಿ ಕೆಸರಾಯಿತು, ಆಟ ಒಂದು ವಾರ ಮುಂದಕ್ಕೆ ಹೋಗಿ ನಮ್ಮ ಡ್ಯಾಂ ಗ್ರೌಂಡಿಗೆ ಬಂತು. ಆ ನೀರು ಬಿಟ್ಟವರು ಯಾರು ಎಂದರೆ ಕಂಪ್ಲಿಯಲ್ಲಿ ಇವತ್ತಿಗೂ ಒಂದೇ ಹೆಸರು ಹೇಳುತ್ತಾರೆ — ಪಂಪಣ್ಣ. ಕಂಪ್ಲಿಯವರೇ, ಪಂಪಣ್ಣ ಬಿಡಲಿಲ್ಲ. ನಾನು ಬಿಟ್ಟೆ. ತೂಬಿನ ಹಲಗೆ ಎತ್ತಿದ್ದು ಈ ಕೈ. ಅವರ ಹೆಸರು ಹೇಳಿದ್ದು ಈ ಬಾಯಿ.

ಆಗ ನನ್ನ ಗಂಡ ಕಾಲುವೆಯ ಗ್ಯಾಂಗ್‌ಮನ್. ಯಾವ ತೂಬಿಗೆ ಯಾವ ದಿನ ನೀರಿನ ಪಾಳಿ ಎಂದು ನೋಡಿ ಹಲಗೆ ಎತ್ತುವುದು, ಇಳಿಸುವುದು ಅವರ ಕೆಲಸ. ನಮ್ಮ ಊರು ಡ್ಯಾಂ, ಡ್ಯೂಟಿ ಮಾತ್ರ ಕಂಪ್ಲಿ ಹತ್ತಿರದ ಉಪಕಾಲುವೆಯಲ್ಲಿ. ದಂಡೆಯ ಮೇಲೆಯೇ ಎರಡು ಕೋಣೆಯ ಕ್ವಾರ್ಟರ್ಸು. ಮಗ ವಿರುಪ ಡ್ಯಾಂನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದು ಓದುತ್ತಿದ್ದ; ಡ್ಯಾಂ ಟೀಮಿಗೆ ಅವನೇ ಗೋಲ್‌ಕೀಪರ್. ನಾನು ಕಂಪ್ಲಿಯಲ್ಲಿದ್ದುಕೊಂಡು ಡ್ಯಾಂಗೆ ಕೂಗುವವಳು. ಬಟ್ಟೆ ಒಗೆಯಲು ಕಾಲುವೆಗೆ ಬರುವ ಹೆಂಗಸರು ಕಾಡುತ್ತಿದ್ದರು:

"ಹುಲಿಗೆಮ್ಮಾ, ಉಣ್ಣೋದು ಕಂಪ್ಲಿ ಅಕ್ಕಿ, ಕೂಗೋದು ಡ್ಯಾಂಗೆ. ಅರಗತೈತೇನ ನಿನಗ?"

"ನಿಮ್ಮವ್ರು ಸೋತ ದಿನ ಭಾಳ ಚಲೋ ಅರಗತೈತಿ" ಎನ್ನುತ್ತಿದ್ದೆ ನಾನು.

ನಮ್ಮ ಮನೆಯಿಂದ ನೂರು ಹೆಜ್ಜೆ ದೂರಕ್ಕೆ ಒಂದು ತೂಬು. ಅದರಿಂದ ಹೊರಡುವ ಹೊಲಗಾಲುವೆಯ ಕಟ್ಟಕಡೆಯ ಗದ್ದೆ ಪಂಪಣ್ಣನದು. ಗದ್ದೆಗೆ ಅಂಟಿಕೊಂಡು, ಇನ್ನೂ ತಗ್ಗಿನಲ್ಲಿ, ಗ್ರೌಂಡು. ಕೊನೆಯವರಿಗೆ ನೀರು ಮುಟ್ಟುವುದು ಎಲ್ಲರದೂ ಮುಗಿದ ಮೇಲೆ, ಎಷ್ಟೋ ಸಲ ಮುಟ್ಟುವುದೇ ಇಲ್ಲ. ಅದಕ್ಕೇ ಪಂಪಣ್ಣ ದಿನಾ ಒಂದು ಸಲವಾದರೂ ತೂಬಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಒಂದು ವರ್ಷ ಪಾಳಿಯಿಲ್ಲದ ದಿನ ತಾವೇ ಹಲಗೆ ಎತ್ತಿ ಸಿಕ್ಕಿಬಿದ್ದು, ನನ್ನ ಗಂಡನ ಮುಂದೆ ತಪ್ಪಾಯ್ತು ಎಂದಿದ್ದರು. ಅದು ಊರಿಗೆಲ್ಲ ಗೊತ್ತಿತ್ತು. ಆದರೆ ಊರಿಗೆ ಇನ್ನೊಂದೂ ಗೊತ್ತಿತ್ತು — ಆ ಗ್ರೌಂಡೆಂದರೆ ಅವರಿಗೆ ಜೀವ. ಪ್ರತಿ ಆಟಕ್ಕೂ ಸುಣ್ಣದ ಗೆರೆ ಎಳೆಯುವವರು ಅವರೇ. ಹಗ್ಗ ಹಿಡಿದು, ಬಗ್ಗಿ ಬಗ್ಗಿ, ಗದ್ದೆಗಿಂತ ಹೆಚ್ಚು ಜೋಪಾನವಾಗಿ ಎಳೆಯುತ್ತಿದ್ದರು.

ಫೈನಲ್ಲಿನ ಹಿಂದಿನ ದಿನವೂ ಎಳೆದರು. ಸಂಜೆ, ಕೈಕಾಲೆಲ್ಲ ಸುಣ್ಣ ಮಾಡಿಕೊಂಡು ಬಂದು, ತೂಬಿನ ಹಲಗೆಯ ಹತ್ತಿರ ನಿಂತು ಕಾಲು ತೊಳೆದುಕೊಂಡರು. ನಾನು ಅಂಗಳದಲ್ಲಿದ್ದೆ. ಅಲ್ಲಿಂದಲೇ ಕೂಗಿದರು:

"ಯಕ್ಕಾ, ವಿರುಪ ಬಂದಾನಂತಲ್ಲ? ರಾತ್ರಿ ಚಲೋತ್ನಾಗ ನಿದ್ದಿ ಮಾಡು ಅಂತ ಹೇಳ್ರಿ. ನಾಳಿ ಗೋಲಿನ್ಯಾಗಿನ ಚೆಂಡು ತರಾಕ ಓಡಿ ಓಡಿ ಸಾಕಾಗತೈತಿ ಅವಂಗ!"

ನಗುತ್ತ ಹೋದರು. ನನಗೆ ನಗು ಬರಲಿಲ್ಲ. ವಿರುಪ ಬಂದಿದ್ದ, ಆದರೆ ಒಳಗೆ ಚಳಿಜ್ವರದಲ್ಲಿ ಎರಡು ಕಂಬಳಿ ಹೊದ್ದು ನಡುಗುತ್ತಿದ್ದ. ಎದ್ದು ನಿಂತರೆ ಗೋಡೆ ಹಿಡಿಯಬೇಕು. ಆದರೂ ಒಂದೇ ಹಟ — "ಅವ್ವಾ, ನಾ ಆಡಾಂವನ. ನಾ ಬಿಟ್ರ ಗೋಲಿಗೆ ನಿಲ್ಲೋರು ಯಾರದಾರ?"

ಯಾರೂ ಇರಲಿಲ್ಲ, ನನಗೂ ಗೊತ್ತಿತ್ತು. ಅವನು ಆಡಿದರೆ ಅವನ ಗತಿ ಏನು, ಆಡದಿದ್ದರೆ ಕಪ್ಪಿನ ಗತಿ ಏನು — ಎರಡೂ ತಲೆಯಲ್ಲಿ ತಿರುಗುತ್ತಿದ್ದವು. ಮಗನ ಜೀವಕ್ಕೆ ಹೆದರಿ ಮಾಡಿದೆ ಎಂದು ಹೇಳಿಕೊಂಡು ತಿರುಗಬಹುದಿತ್ತು. ನನ್ನ ಮನಸ್ಸಿಗೆ ನಾನೇ ಎಷ್ಟೋ ವರ್ಷ ಹಾಗೆ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ — ಕಪ್ಪು ಬೇಕಿತ್ತು ನನಗೆ. ಆ ಬಟ್ಟೆ ಒಗೆಯುವ ಹೆಂಗಸರ ಮುಂದೆ ಒಂದು ಸಲ ಎದೆ ಸೆಟೆಸಿ ನಿಲ್ಲಬೇಕಿತ್ತು.

ಗಂಡ ಮೇಲಿನ ಗೇಟಿನ ಡ್ಯೂಟಿಗೆ ಹೋಗಿದ್ದರು. ದೀಪ ಹಚ್ಚುವ ಹೊತ್ತಿಗೆ ನಾನು ಹಾರೆ ತೆಗೆದುಕೊಂಡು ತೂಬಿಗೆ ಹೋದೆ. ಹಲಗೆ ಸಂದಿಗೆ ಹಾರೆ ಕೊಟ್ಟು ಮೀಟಿದೆ. ಅವರು ಮಾಡುವುದನ್ನು ನೂರು ಸಲ ನೋಡಿದವಳು, ಕಷ್ಟವಾಗಲಿಲ್ಲ. ನೀರು ಗುಳುಗುಳು ಎಂದು ಒಳನುಗ್ಗಿತು. ಅವತ್ತು ಯಾರ ಪಾಳಿಯೂ ಇಲ್ಲದೆ ಗದ್ದೆಗಳ ಬಾಯೆಲ್ಲ ಕಟ್ಟಿದ್ದರಿಂದ ನೀರು ನಡುವೆ ಎಲ್ಲೂ ನಿಲ್ಲದೆ ನೆಟ್ಟಗೆ ಗ್ರೌಂಡಿಗೇ ಇಳಿಯುತ್ತದೆ — ಅದೂ ಗೊತ್ತಿದ್ದೇ ಎತ್ತಿದೆ. ಬೆಳಕು ಹರಿಯುವ ಮೊದಲು ಹೋಗಿ ಇಳಿಸಿ ಬಂದೆ.

ಬೆಳಗ್ಗೆ ಗ್ರೌಂಡಿನಲ್ಲಿ ಪಾದ ಮುಳುಗುವಷ್ಟು ನೀರು. ಸುಣ್ಣದ ಗೆರೆ ಒಂದೂ ಇಲ್ಲ. ಮಂದಿ ದಂಡೆಗೆ ಬಂದರು, ಮೂವತ್ತು ನಲವತ್ತು ಜನ, ಸಿಟ್ಟಿನಿಂದ. ಟೀಮಿನ ಹಿರಿಯರೊಬ್ಬರು ನನ್ನ ಅಂಗಳದಲ್ಲಿ ನಿಂತು ಕೇಳಿದರು:

"ಏನವ್ವಾ, ನೀವು ಇಲ್ಲೇ ಇರೋರು. ನಿನ್ನಿ ತೂಬಿನ ಹತ್ರ ಯಾರನ್ನಾರ ನೋಡಿದ್ರೇನು?"

ಯಾರನ್ನೂ ನೋಡಲಿಲ್ಲ ಎನ್ನಬಹುದಿತ್ತು. ಅಷ್ಟು ಸುಳ್ಳು ಸಾಕಾಗುತ್ತಿತ್ತು. ಆದರೆ ಒಳಗೆ ಹಾರೆ ಇತ್ತು, ಕೆಸರು ಮೆತ್ತಿಕೊಂಡ ಸೀರೆ ಇತ್ತು, ಎಲ್ಲರ ಕಣ್ಣು ನನ್ನ ಮೇಲಿತ್ತು — ಆ ಕಣ್ಣುಗಳನ್ನು ಬೇರೆ ಕಡೆ ತಿರುಗಿಸಬೇಕಿತ್ತು.

"ಸಂಜಿ ಮುಂದ ಪಂಪಣ್ಣ ಹಲಗಿ ಹತ್ರ ನಿಂತಿದ್ರು" ಎಂದೆ.

ಅಷ್ಟೇ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ನೋಡಿ. ಅದಕ್ಕೇ ಅದಕ್ಕಿಂತ ಕೆಟ್ಟ ಸುಳ್ಳನ್ನು ನಾನು ಜೀವಮಾನದಲ್ಲಿ ಆಡಿಲ್ಲ. ಹಿಂದೊಮ್ಮೆ ಹಲಗೆ ಎತ್ತಿದವನು, ನೀರಿಗೆ ಬಾಯಿ ಬಿಡುವ ಕೊನೆಯ ಗದ್ದೆಯವನು, ಸಂಜೆ ಅಲ್ಲೇ ನಿಂತಿದ್ದವನು — ಗದ್ದೆಗೆ ಕದ್ದು ಬಿಟ್ಟುಕೊಂಡ ನೀರು ಗ್ರೌಂಡಿಗೆ ಉಕ್ಕಿತು ಎಂದು ಮಿಕ್ಕಿದ್ದನ್ನೆಲ್ಲ ಊರೇ ಸೇರಿಸಿಕೊಂಡಿತು. ನನ್ನ ಗಂಡನೂ ನನ್ನ ಮಾತಿನ ಮೇಲೆಯೇ ಮೇಲಿನವರಿಗೆ ಹೇಳಿದರು. ಅವರು ಸಾಯುವ ತನಕ ಅವರಿಗೂ ನಾನು ನಿಜ ಹೇಳಲಿಲ್ಲ. ಪಂಪಣ್ಣ ಎಷ್ಟು ಆಣೆ ಮಾಡಿದರೂ ಯಾರೂ ಕೇಳಲಿಲ್ಲ. "ಇನ್ನ ಮ್ಯಾಲೆ ನೀ ಈ ಗ್ರೌಂಡಿನ್ಯಾಗ ಕಾಲಿಡಬ್ಯಾಡ" ಎಂದರು. ಅವರು ಇಡಲಿಲ್ಲ. ಇಪ್ಪತ್ತಾರು ವರ್ಷ.

ವಾರದ ಮೇಲೆ ವಿರುಪ ಗಟ್ಟಿಯಾದ, ಡ್ಯಾಂ ಗ್ರೌಂಡಿನಲ್ಲಿ ಕೊನೆಯ ಪೆನಾಲ್ಟಿ ಹಿಡಿದ, ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಆ ಫೋಟೋ ನಮ್ಮ ಪಡಸಾಲೆಯಲ್ಲಿದೆ. ಬಂದವರಿಗೆಲ್ಲ ನಾನೇ ತೋರಿಸುತ್ತಿದ್ದೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಹೊತ್ತುಕೊಂಡೇ ಹೋಗಿಬಿಡುತ್ತಿದ್ದೆನೋ ಏನೋ. ಆದರೆ ಎಂಟು ವರ್ಷದ ಮೇಲೆ ವಿರುಪನಿಗೆ ಹೆಣ್ಣು ನೋಡುವಾಗ ಕಂಪ್ಲಿಯಿಂದ ಒಂದು ಸಂಬಂಧ ಬಂತು. ಹುಡುಗಿ ಅನ್ನಪೂರ್ಣ, ಪಂಪಣ್ಣನ ಮಗಳು. ಹೆಸರು ಕೇಳಿ ಬೇಡ ಎನ್ನಲು ಬಾಯಿ ತೆಗೆದವಳು ಹೂಂ ಎಂದೆ. ಅವರ ಮಗಳನ್ನು ಮಗಳ ಹಾಗೆ ನೋಡಿಕೊಂಡರೆ ಮಾಡಿದ್ದು ಅಳಿಸಿಹೋಗುತ್ತದೆ ಎಂದುಕೊಂಡೆ. ನಿಶ್ಚಯದ ದಿನ ಪಂಪಣ್ಣ ನನ್ನ ಮುಂದೆ ಕುಳಿತು, ತಲೆ ತಗ್ಗಿಸಿ ಹೇಳಿದ ಮಾತು ಕೇಳಿ:

"ಹಳೇದು ಮನಸಿನ್ಯಾಗ ಇಟ್ಕಾಬ್ಯಾಡ್ರಿ, ಬೀಗ್ರೇ. ಅವತ್ತು ನೀವು ಕಂಡಿದ್ದನ್ನ ಹೇಳಿದ್ರಿ. ನಿಮ್ಮದೇನು ತಪ್ಪೈತಿ?"

ನಾನು ಎಲೆ ಅಡಿಕೆಯ ತಟ್ಟೆಯನ್ನು ಅವರ ಕಡೆ ಸರಿಸಿದೆ. ಅಷ್ಟೇ ಮಾಡಿದೆ.

ಅನ್ನಪೂರ್ಣ ಮದುವೆಯಾಗಿ ಬಂದ ಮೇಲೆ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಹೇಳಿದ್ದಳು, ಶಾಲೆಯಲ್ಲಿ ಅವಳನ್ನು 'ನೀರುಗಳ್ಳನ ಮಗಳು' ಎಂದು ಕರೆಯುತ್ತಿದ್ದರಂತೆ. ನಾನು ಒಲೆಯ ಉರಿ ಸರಿಮಾಡಿದೆ.

ನಿನ್ನೆಗೆ ಬರುತ್ತೇನೆ.

ಎರಡು ಟೆಂಪೊ ತುಂಬ ಡ್ಯಾಂ ಮಂದಿ ಹೊರಟಿದ್ದೆವು. ಟೆಂಪೊ ಓಡಿಸುವ ಖಾಜಾ ನಮ್ಮ ಟೀಮಿಗೆ ತಮಟೆಯೂ ಬಡಿಯುತ್ತಾನೆ. ಹೊಸಪೇಟೆ ದಾಟುವುದರೊಳಗೆ ಶುರು ಮಾಡಿದ:

"ಅಜ್ಜಿ, ಈಗ್ಲೇ ಎಲ್ಲಾ ಕೂಗಿ ಮುಗಸಬ್ಯಾಡ್ರಿ. ಸೆಮಿಫೈನಲ್ ಗೆದ್ದಾಗ ನಿಮ್ಮ ಕೂಗಿಗೆ ಸಂಡೂರಿನವ್ರ ಕಿವಿ ಹೋಗ್ಯಾವಂತ, ಕಂಪ್ಲಿಯವ್ರಿಗೂ ಒಂದೀಟು ಉಳಸ್ರಿ!"

ನಗು, ಮಂಡಕ್ಕಿ, ಮಿರ್ಚಿ, ಪೀಪಿ. ನಾನೂ ನಗುತ್ತಿದ್ದೆ. ಆದರೆ ಗ್ರೌಂಡಿಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಪಂಪಣ್ಣ. ಒಳಗಲ್ಲ — ಕಾಲುವೆಯ ದಂಡೆಯ ಮೇಲೆ, ತಲೆಗೆ ಟವೆಲ್ ಸುತ್ತಿಕೊಂಡು, ಬಿಸಿಲಿನಲ್ಲಿ ಒಬ್ಬರೇ ನಿಂತಿದ್ದರು. ಸ್ವಂತ ಮೊಮ್ಮಗಳು ಆಡುವ ಆಟ. ಕುಳಿತುಕೊಳ್ಳಲು ಒಳಗೆ ಬೇಕಾದಷ್ಟು ನೆರಳಿತ್ತು.

ಆಟವೋ — ಏನು ಹೇಳಲಿ. ಮೊದಲರ್ಧದಲ್ಲೇ ವಡ್ಡು ಎಂಬ ಊರಿನ ಕಡೆಯಿಂದ ಬಂದು ನಮ್ಮ ಟೀಮಿಗೆ ಆಡುವ ಹುಡುಗಿ ದೂರದಿಂದ ಒದ್ದದ್ದು ನೆಟ್ಟಗೆ ಬಲೆಗೆ ಹೋಯಿತು. ಆಮೇಲೆ ಪೂರ್ತಿ ಕಂಪ್ಲಿಯದೇ ಆಟ. ತುಂಗಾ ಹಿಂದೆ ಗೋಲಿನ ಹತ್ತಿರ ನಿಂತು ತಡೆಯುವವಳು. ಇನ್ನೇನು ಮುಗಿಯಬೇಕು, ಚೆಂಡು ನಮ್ಮ ಗೋಲ್‌ಕೀಪರ್ ಹುಡುಗಿಯ ಕೈ ತಪ್ಪಿ ಉರುಳಿತು, ಗೆರೆಯ ಹತ್ತಿರ ಬಂತು — ನಾನು ಕಣ್ಣು ಮುಚ್ಚಿದೆ. ತೆಗೆದಾಗ ತುಂಗಾ ಮಣ್ಣಿನಲ್ಲಿ ಬಿದ್ದಿದ್ದಳು, ಚೆಂಡು ಹೊರಗೆ ಹಾರಿತ್ತು. ಸೀಟಿ. ಆಮೇಲೆ ನನಗೆ ನೆನಪಿರುವುದು ಬರೀ ತಮಟೆ. ಯಾರೋ ನನ್ನನ್ನು ಎತ್ತಿದರು. ವಿರುಪ ಚಿಕ್ಕ ಹುಡುಗನ ಹಾಗೆ ಅಳುತ್ತಿದ್ದ.

ತುಂಗಾ ಕಪ್ಪು ಹಿಡಿದು ನಮ್ಮ ಕಡೆ ಬರಲಿಲ್ಲ. ದಂಡೆಯ ಕಡೆ ಓಡಿದಳು. ನಾವೂ ಹಿಂದೆ ಹೋದೆವು.

"ತಾತಾ, ಒಳಗ ಬಾ. ಫೋಟೋ ತಗಸ್ಕಣಾನು."

"ಬ್ಯಾಡ ಕೂಸೇ, ನೀನ ಇಲ್ಲಿ ತಾ. ಇಲ್ಲಿಂದ್ಲೇ ಚಲೋ ಕಾಣಸ್ತೈತಿ" ಎಂದರು ಪಂಪಣ್ಣ.

ಆಗಲೇ ಕಂಪ್ಲಿಯ ಹಳೆಯ ಆಟಗಾರನೊಬ್ಬ, ಸೋತ ಸಂಕಟಕ್ಕೋ ಏನೋ, ದೂರದಿಂದ ಕೂಗಿದ:

"ಏ ಪಂಪಣ್ಣಾ! ಮಮ್ಮಗಳು ನಿನಗಿಂತ ಜಾಣಿ ಅದಾಳ ನೋಡು. ನೀರು ಬಿಡಲಾರ್ದನ ಗೆದ್ಲು!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಪಂಪಣ್ಣನೂ ನಕ್ಕರು. ಅವರು ನಕ್ಕದ್ದನ್ನು ನೋಡಲಾಗಲಿಲ್ಲ ನನಗೆ. ಇಪ್ಪತ್ತಾರು ವರ್ಷ ಅಭ್ಯಾಸವಾದ ನಗು ಅದು, ಹೊಡೆತ ಬೀಳುವ ಮೊದಲೇ ಬಗ್ಗುವಂಥದ್ದು.

ತುಂಗಾ ನಗಲಿಲ್ಲ. ಪಂಪಣ್ಣನ ಮನೆಗೆ ನಡೆದು ಹೋಗುವಾಗ ನನ್ನ ಕೈ ಹಿಡಿದು ನಿಧಾನ ಮಾಡಿದಳು. ಉಳಿದವರು ಮುಂದೆ ಹೋದರು.

"ಅಜ್ಜಿ, ತಾತ ಖರೇನ ನೀರು ಬಿಟ್ಟಿದ್ನಾ? ನೀನ ನೋಡಿದ್ದಿ ಅಂತಾರಲ್ಲ?"

ನನ್ನ ಬಾಯಿಗೆ ಹಳೆಯ ಮಾತೇ ಬಂತು — 'ಹಲಗಿ ಹತ್ರ ನಿಂತಿದ್ರು'. ನಾಲಗೆಯ ತುದಿಯ ತನಕ ಬಂತು. ಅವಳ ಮೊಣಕಾಲಿನಿಂದ ರಕ್ತ ಒಸರುತ್ತಿತ್ತು, ಅದನ್ನು ನೋಡುತ್ತ ನಿಂತೆ.

"ಮನಿಗೆ ನಡಿ. ಎಲ್ಲರ ಮುಂದ ಹೇಳ್ತೀನಿ" ಎಂದೆ.

ಮನೆಯಲ್ಲಿ ಪಂಪಣ್ಣನ ಹೆಂಡತಿ ಗಂಗಮ್ಮ ಬೆಳಗ್ಗಿನಿಂದಲೇ ಗೋಧಿ ಹುಗ್ಗಿಗೆ ಇಟ್ಟಿದ್ದರು. "ಡ್ಯಾಂ ಗೆದ್ರ ಮಮ್ಮಗಳ ಖುಷಿಗೆ, ಕಂಪ್ಲಿ ಗೆದ್ರ ಊರಿನ ಖುಷಿಗೆ. ಹುಗ್ಗಿಗೇನು ಗೊತ್ತಾಗತೈತಿ?" ಎಂದು ನಗಿಸುತ್ತಿದ್ದರು. ಅನ್ನಪೂರ್ಣ ತಟ್ಟೆ ಹಾಕುತ್ತಿದ್ದಳು. ಕಪ್ಪು ನಡುಮನೆಯಲ್ಲಿತ್ತು. ಅಷ್ಟು ಸಂತೋಷದ ಮನೆ. ಅದರ ನಡುವೆ ನಿಂತು ನಾನು ಹೇಳಿದೆ. ಜ್ವರ, ಹಾರೆ, ಹಲಗೆ, ಅಂಗಳದಲ್ಲಿ ಆಡಿದ ಮಾತು — ಒಂದನ್ನೂ ಬಿಡದೆ.

ಮೊದಲು ದನಿ ಬಂದದ್ದು ವಿರುಪನದು. "ಹಂಗಾದ್ರ ಆ ಕಪ್ಪು…" ಎಂದ. ಗೋಡೆಗೆ ಒರಗಿ ಕುಳಿತ.

ಅನ್ನಪೂರ್ಣ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಅತ್ತಿ, ಶಾಲಿಯಾಗ ನನಗ ಏನಂತಿದ್ರು ಅಂತ ನಾನ ನಿಮಗ ಹೇಳಿದ್ನಲ್ರೀ. ಅವತ್ತು ಸೈತ ನೀವು…"

"ಅವತ್ತು ಸೈತ ಹೇಳಲಿಲ್ಲ" ಎಂದೆ.

ಗಂಗಮ್ಮ ಬೈದರು. ಬೈಯಲೇಬೇಕಿತ್ತು. "ನಿಮ್ಮ ಮನಿಗೆ ಮಗಳನ್ನ ಕೊಟ್ಟೀವಲ್ರೀ!" ಎಂದು ಒಂದೇ ಮಾತನ್ನು ಮೂರು ಸಲ ಅಂದರು.

ಪಂಪಣ್ಣ ಕೇಳಿದ್ದು ನಾನು ಎಣಿಸಿದ್ದ ಯಾವ ಪ್ರಶ್ನೆಯೂ ಅಲ್ಲ.

"ಹಲಗಿ ಎಷ್ಟು ಎತ್ತಿದ್ರಿ?"

"ಪೂರಾ."

"ಪೂರಾ…" ಎಂದರು. "ಹಂಗಾದ್ರ ನನ್ನ ಕಾಲಿನಿಂದ ಆಗಿದ್ದಲ್ಲ."

ನಮಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು, ನಮ್ಮ ಕಡೆ ನೋಡದೆ, ನೆಲ ನೋಡುತ್ತ: "ಅವತ್ತು ಕಾಲು ತೊಳ್ಕಳಾಕ ಹಲಗಿ ಮ್ಯಾಲೆ ಕಾಲಿಟ್ಟಿದ್ದೆ. ಒತ್ತಿ ಸಡ್ಲ ಆಗಿ, ರಾತ್ರಿ ನೀರೇ ಅದನ್ನ ತಳ್ಳಿಬಿಡ್ತೇನೋ ಅಂತ… ಎಲ್ಲರೂ ನೀನ ನೀನ ಅಂದ್ರ ನಮಗೂ ಹಂಗ ಅನಸತೈತಿ ನೋಡ್ರಿ. ಇಷ್ಟು ವರ್ಸ ನಾ ಮಾಡಿಲ್ಲ ಅಂತ ಬಾಯಿಲೇ ಅಂತಿದ್ದೆ. ಒಳಗ ನನಗ ಗ್ಯಾರಂಟಿ ಇರಲಿಲ್ಲ."

ನಾನು ಅವರ ಗ್ರೌಂಡು ಕಿತ್ತುಕೊಂಡೆ, ಹೆಸರು ಕಿತ್ತುಕೊಂಡೆ ಎಂದಷ್ಟೇ ತಿಳಿದಿದ್ದೆ. ಅವರ ಮನಸ್ಸಿನ ಮೇಲೆ ಅವರಿಗೇ ನಂಬಿಕೆ ಇಲ್ಲದ ಹಾಗೆ ಮಾಡಿದ್ದೇನೆ ಎಂಬುದು ನಿನ್ನೆಯ ತನಕ ಗೊತ್ತಿರಲಿಲ್ಲ. ಕಾಲಿಗೆ ಬೀಳಲು ಬಗ್ಗಿದೆ. ಅವರು ಹಿಂದೆ ಸರಿದರು.

"ಇದೆಲ್ಲಾ ಬ್ಯಾಡ್ರಿ. ಇಲ್ಲಿ ಹೇಳಿದ್ರ ನಾಲ್ಕು ಗ್ವಾಡಿಗೆ ಗೊತ್ತಾಗತೈತಿ. ಬರದು ಕೊಡ್ರಿ. ಮುಂದಿನ ಐತವಾರ ಇದೇ ಗ್ರೌಂಡಿನ್ಯಾಗ ಗಂಡುಹುಡುಗರ ಆಟ ಐತಿ. ಆಟ ಸುರು ಆಗೂಕಿಂತ ಮುಂಚೆ ಮೈಕಿನ್ಯಾಗ ಓದ್ರಿ, ನೀವ ಓದ್ರಿ."

"ನಾ ನಾಲ್ಕನೇ ಕ್ಲಾಸಿನಾಕಿ, ಬೀಗ್ರೇ."

"ನನ್ನ ಹೆಸರು ಹೇಳಾಕ ಓದು ಬರಹ ಬೇಕಾಗಿರಲಿಲ್ಲ" ಎಂದರು.

ಸಾಕಾಗಿತ್ತು ನನಗೆ ಅಷ್ಟು. ಓದುತ್ತೇನೆ. ಅದಕ್ಕೇ ಇದನ್ನು ಬರೆದೆ. ಕಾಗುಣಿತವನ್ನು ತುಂಗಾ ತಿದ್ದಿದ್ದಾಳೆ, ಮಾತು ತಿದ್ದಲು ನಾನು ಬಿಟ್ಟಿಲ್ಲ. ಕಂಪ್ಲಿಯ ಹಿರಿಯರೇ, ಯಾರು ಅವತ್ತು ನನ್ನ ಅಂಗಳಕ್ಕೆ ಬಂದು ಕೇಳಿದಿರೋ ನಿಮಗೆ ಈಗ ಉತ್ತರ ಕೊಡುತ್ತಿದ್ದೇನೆ: ತೂಬಿನ ಹತ್ತಿರ ನಿಂತಿದ್ದವಳು ನಾನು. ಡ್ಯಾಂ ಮಂದಿಗೂ ಹೇಳುತ್ತೇನೆ, ಆ ಹಳೆಯ ಕಪ್ಪಿನ ಲೆಕ್ಕ ಇನ್ನು ಮೇಲೆ ಹಿಡಿಯಬೇಡಿ. ನಮ್ಮದೆಂದು ಹೇಳಿಕೊಳ್ಳಲು ಈ ಹುಡುಗಿಯರದು ಒಂದಿದೆ.

ನಿನ್ನೆ ಸಂಜೆ, ಆ ಮಾತುಗಳೆಲ್ಲ ಆದ ಮೇಲೆ, ಊಟ ಬಿಟ್ಟು ಎದ್ದುಹೋಗುತ್ತಾರೆ ಎಂದುಕೊಂಡಿದ್ದೆ. ಯಾರೂ ಹೋಗಲಿಲ್ಲ. ಗಂಗಮ್ಮ ಕಣ್ಣೊರೆಸಿಕೊಂಡು ಹುಗ್ಗಿಯ ಪಾತ್ರೆ ತಂದಿಟ್ಟರು. ತುಂಗಾಗೆ ಹಸಿವು, ಪಾಪ, ಒಂದೂವರೆ ಗಂಟೆ ಓಡಿದ ಹುಡುಗಿ. ಅವಳು ತಾತನ ಪಕ್ಕ ಕುಳಿತಳು, ವಿರುಪ ಅವಳ ಪಕ್ಕ, ಅನ್ನಪೂರ್ಣ ತನ್ನ ಅವ್ವನ ಪಕ್ಕ. ನಾನು ಬಡಿಸಲು ನಿಂತೆ. ಕುಳಿತುಕೊಳ್ಳಲು ಮುಖವಿರಲಿಲ್ಲ. ಪಂಪಣ್ಣನ ತಟ್ಟೆಗೆ ತುಪ್ಪ ಹಾಕಲು ಬಗ್ಗಿದಾಗ ಅವರು ಕೈ ಅಡ್ಡ ಹಿಡಿದರು. ತುಪ್ಪದ ಮಿಳ್ಳೆ ಹಿಡಿದುಕೊಂಡು ಹಾಗೇ ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ, ತಲೆ ಎತ್ತದೆ, ಸಾಲಿನ ಕೊನೆಗೆ ಖಾಲಿ ಇದ್ದ ತಟ್ಟೆಯನ್ನು ತೋರಿಸಿದರು.

"ಕುಂದ್ರಿ. ಆರಿ ಹೋಗತೈತಿ."

ಕುಳಿತೆ. ಹುಗ್ಗಿ ಇನ್ನೂ ಬಿಸಿಯಿತ್ತು. ಆರು ಜನ ಒಂದೇ ಸಾಲಿನಲ್ಲಿ ಉಂಡೆವು.